ಕೈಚೀಲದೊಳಗಿನ ಫೋನು

ಗಂಗಾದೇವಿಯವರ ಲಿಂಗಪೂಜೆ ಮುಗಿಯುವವರೆಗೆ ಆ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುವುದಿಲ್ಲ. ರವಿವಾರ ಪೇಟೆಯ ಆ ಕಟ್ಟಡದಲ್ಲಿ ಕೆಳಗೆ ಮೆಣಸಿನಕಾಯಿ ಅಂಗಡಿ, ಮೇಲೆ ಮನೆ. ಕೆಳಗೆ ಹಮಾಲರು ಎಷ್ಟೇ ಕೂಗಾಡಲಿ, ಮೆಣಸಿನಕಾಯಿಯ ಘಾಟು ಮೆಟ್ಟಿಲು ಹತ್ತಿ ಬಂದು ಎಲ್ಲರನ್ನೂ ಸೀನಿಸಲಿ, ಅವರು ಮಾತ್ರ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅದನ್ನೇ ನೋಡುತ್ತ ಕೂತುಬಿಡುತ್ತಾರೆ. ಪೀರನವಾಡಿಯಿಂದ ಮೂರು ವರ್ಷಗಳಿಂದ ಮನೆಗೆಲಸಕ್ಕೆ ಬರುತ್ತಿದ್ದ ಪ್ರಮಿಳಾ ಆ ನೋಟವನ್ನು ದಿನವೂ ಕಂಡಿದ್ದಳು. ನೆಲ ಒರೆಸುತ್ತ ಅವರ ಹತ್ತಿರ ಬಂದಾಗ ಬಟ್ಟೆ ಹಿಂಡುವ ಸದ್ದನ್ನೂ ಸಣ್ಣದು ಮಾಡುತ್ತಿದ್ದಳು.

ಇವತ್ತು ಆ ಕಣ್ಣು ಲಿಂಗದ ಮೇಲಿರಲಿಲ್ಲ.

ಪ್ರಮಿಳಾ ಬಾಗಿಲ ಸಂದಿಯಲ್ಲಿ ನಿಂತಳು. ವಿಭೂತಿ ಡಬ್ಬಿಗೆ ಆನಿಸಿ ಫೋನು ನಿಲ್ಲಿಸಲಾಗಿತ್ತು. ಅದರಲ್ಲಿ ಖಾಕಿ ಅಂಗಿಯ ಒಬ್ಬ ಮನುಷ್ಯ, ಅವನ ಹಿಂದೆ ಗೋಡೆ, ಗೋಡೆಯ ಮೇಲೊಂದು ಬಾವುಟ. ಗಂಗಾದೇವಿಯವರು ಲಿಂಗ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದರು.

“ನಿಮ್ಮ ಆಧಾರ್ ಕಾರ್ಡಿನ ಮೇಲೆ ಹೋದ ಪಾರ್ಸಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಮೇಡಂ. ನಿಮ್ಮ ಮಗನ ಹೆಸರೂ ಬಂದಿದೆ. ನಮ್ಮವರು ನಿಮ್ಮ ಅಂಗಡಿಯ ಎದುರಿಗೇ ನಿಂತಿದ್ದಾರೆ. ನಿಮ್ಮ ಹಣವನ್ನು ನಾವು ಪರಿಶೀಲನೆ ಮಾಡಿ ವಾಪಸ್ ಕೊಡುತ್ತೇವೆ. ಕರೆ ಕಟ್ ಮಾಡಬಾರದು. ಯಾರಿಗೂ ಹೇಳಬಾರದು.”

“ಹೇಳಂಗಿಲ್ರೀ ಸಾಹೇಬ್ರ. ಅಂಗೈಯಾಗ ಲಿಂಗ ಐತಿ, ಆಣಿ ಮಾಡೇನಿ. ನನ್ನ ಬಾಯಿಂದ ಒಂದ್ ಮಾತು ಹೊರಗ ಬೀಳಂಗಿಲ್ಲ. ನನ್ನ ಶಶಿಧರನ್ನ ಒಂದ್ ಮುಟ್ಟಬ್ಯಾಡ್ರಿ.”

ಪ್ರಮಿಳಾಳ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಪಾದದ ಮೇಲೆ ತೊಟ್ಟಿಕ್ಕಿತು. ಆ ಅಂಗಡಿಯಿಂದ ದಿನವೂ ಗೋವಾಕ್ಕೆ, ಪುಣೆಗೆ ಪಾರ್ಸಲ್ ಹೋಗುವುದು ಖರೇ. ಪೊಲೀಸರು ಇದ್ದರೂ ಇರಬಹುದು. ಆದರೆ ಕೊನೆಯ ಎರಡು ಮಾತುಗಳನ್ನು ಅವಳು ಹಿಂದೆ ಕೇಳಿದ್ದಳು. ಕರೆ ಕಟ್ ಮಾಡಬಾರದು. ಯಾರಿಗೂ ಹೇಳಬಾರದು. ಹೋದ ಆಷಾಢದಲ್ಲಿ ಬೇರೊಂದು ದನಿ, ಅಷ್ಟೇ ಮರ್ಯಾದೆಯಿಂದ, ಅವಳಿಗೇ ಹೇಳಿದ್ದ ಮಾತು ಅದು. ಅದನ್ನು ಅವಳು ಈವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಪೂಜೆ ಐದೇ ನಿಮಿಷಕ್ಕೆ ಮುಗಿಯಿತು. ಗಂಗಾದೇವಿಯವರು ಉಪ್ಪಿಟ್ಟು ಮುಟ್ಟಲಿಲ್ಲ. ಕಪಾಟಿನಿಂದ ಖಾನಾಪುರದ ಬ್ಯಾಂಕಿನ ಪಾಸ್‌ಬುಕ್ಕನ್ನೂ ಠೇವಣಿಯ ಕಾಗದವನ್ನೂ ತೆಗೆದು ಕೈಚೀಲಕ್ಕೆ ಹಾಕಿದರು. ಅದು ತವರಿನ ಹೊಲ ಮಾರಿದಾಗ ಬಂದ ಅವರ ಪಾಲು, ಒಂಬತ್ತು ಲಕ್ಷ. ಮೊಮ್ಮಗಳು ಸಾಕ್ಷಿಯ ಓದಿಗೆಂದು ಇಟ್ಟಿದ್ದನ್ನು ಮಗನಿಗೂ ಮುಟ್ಟಗೊಟ್ಟವರಲ್ಲ. ಫೋನನ್ನು ಕಟ್ ಮಾಡದೆ ಹಾಗೆಯೇ ಚೀಲದೊಳಗೆ ಇಳಿಸಿದರು.

“ಪ್ರಮಿ, ಖಾನಾಪುರಕ್ಕ ಹೋಗೂಣು ನಡಿ. ಮೊಣಕಾಲು ಹಿಡದೈತಿ, ಒಬ್ಬಾಕಿಗೆ ಬಸ್ ಹತ್ತಾಕ ಆಗಂಗಿಲ್ಲ. ಏನೂ ಕೇಳಬ್ಯಾಡ.”

“ಅವ್ವಾರ...”

“ಕೇಳಬ್ಯಾಡ ಅಂದ್ನೆಲ್ಲ.”

ಕೆಳಗೆ ಶಶಿಧರ ಫೋನಿನಲ್ಲಿ ಯಾರಿಗೋ ಬ್ಯಾಡಗಿಯ ದರ ಹೇಳುತ್ತಿದ್ದ. ಎದುರಿನ ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. ಗಂಗಾದೇವಿಯವರು ಅವರನ್ನು ನೋಡಿ ಸೆರಗು ಬಿಗಿ ಮಾಡಿಕೊಂಡರು. ಅವರು ದಿನವೂ ಅಲ್ಲಿ ಕೂತು ಎಲೆ ಅಡಿಕೆ ಹಾಕುವ ಹಮಾಲರೇ ಎಂದು ಪ್ರಮಿಳಾಳಿಗೆ ಗೊತ್ತಿತ್ತು.

“ನಾಗರತ್ನಾಗ ಆರಾಮಿಲ್ಲಂತ. ಖಾನಾಪುರಕ್ಕ ಹೋಗಿ ನೋಡಿ ಬರ್ತೇನಿ,” ಎಂದರು ಮಗನಿಗೆ. ನಾಗರತ್ನಾ ಅವರ ತಂಗಿ. ಹಿಂದಿನ ದಿನವಷ್ಟೇ ಅಕ್ಕತಂಗಿಯರು ಫೋನಿನಲ್ಲಿ ಅರ್ಧ ತಾಸು ನಕ್ಕಿದ್ದರು. ಇವರ ಬಾಯಲ್ಲಿ ಸುಳ್ಳು ಕೇಳಿದ್ದು ಪ್ರಮಿಳಾಳಿಗೆ ಇದೇ ಮೊದಲು.

ಇಲ್ಲೇ ಹೇಳಿಬಿಡಬೇಕು. ಒಂದು ಮಾತು, ಅಷ್ಟೇ. ಅವಳು ಶಶಿಧರ ಕೂತಿದ್ದ ಹಣದ ಗಲ್ಲೆಯ ಹತ್ತಿರ ಹೋಗಿ ನಿಂತಳು.

“ಅಣ್ಣಾರ...”

ಶಶಿಧರ ಫೋನನ್ನು ಕಿವಿಯಿಂದ ಸರಿಸಿದ. “ಏನವಾ ಪ್ರಮಿ? ತಿಂಗಳು ತುಂಬೋಕಿಂತ ಮೊದ್ಲ ಪಗಾರೇನು?”

ಚೀಲ ಹೊಲಿಯುತ್ತಿದ್ದ ಕಲ್ಮೇಶ ನಕ್ಕ. “ಆಕಿ ಬಾಯಾಗಿಂದ ಮಾತು ಬರೂದ್ರಾಗ ಮುಂದಿನ ತಿಂಗಳ ಪಗಾರಾನೂ ಆಗ್ತೇತಿ ಬಿಡ್ರಿ ಸಾವ್ಕಾರ್ರ.”

ನಾಲ್ಕು ಮಂದಿ ಗಂಡಸರು ಒಟ್ಟಿಗೆ ಅವಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಗಂಗಾದೇವಿಯವರ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ಆ ಕೈ ತಣ್ಣಗಿತ್ತು.

ಬಸ್ಸಿನಲ್ಲಿ ಇಬ್ಬರ ನಡುವೆ ಕೈಚೀಲ ಕೂತಿತ್ತು, ಮೂರನೆಯವನ ಹಾಗೆ. ಪ್ರಮಿಳಾ ಉಸಿರನ್ನೂ ಅಳೆದು ಬಿಡುತ್ತಿದ್ದಳು. ತಾನು ಏನು ಹೇಳಿದರೂ ಅದು ಮೊದಲು ಅವನಿಗೆ ಕೇಳುತ್ತದೆ. ಡ್ರೈವರನ ಹಿಂದಿನ ತಗಡಿಗೆ ಒಂದು ಚೀಟಿ ಅಂಟಿಸಿದ್ದರು. ಎಂಟನೇ ತರಗತಿಗೆ ಸಾಲಿ ಬಿಟ್ಟವಳು ಆಷಾಢದ ನಂತರ ಇಂಥ ಚೀಟಿಗಳನ್ನು ಒಂದೂ ಬಿಡದೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ‘ಪೊಲೀಸರು ಯಾರನ್ನೂ ಫೋನಿನಲ್ಲಿ ಬಂಧಿಸುವುದಿಲ್ಲ. ಹಣ ಕೇಳುವುದಿಲ್ಲ. ಮೋಸ ಹೋದರೆ 1930ಕ್ಕೆ ಕರೆ ಮಾಡಿ.’ ಅವಳು ಗಂಗಾದೇವಿಯವರ ಮೊಣಕೈ ಮುಟ್ಟಿ ಆ ಕಡೆ ಬೆರಳು ಮಾಡಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿ, ಕಾಣುವುದಿಲ್ಲವೆಂದು ತಲೆಯಾಡಿಸಿದರು. ಚಸ್ಮಾ ಪೂಜೆಯ ಮಣೆಯ ಮೇಲೇ ಉಳಿದಿತ್ತು.

ಕಂಡಕ್ಟರ್ ಬಂದ. “ಎಲ್ಲಿಗ್ರೀ ಅಮ್ಮಾರ? ಆಧಾರ್ ತೋರಸ್ರಿ.”

“ಖಾನಾಪುರ. ಕಾರ್ಡ್ ತೋರಸಂಗಿಲ್ಲ. ರೊಕ್ಕ ತಗೋ.”

“ರೊಕ್ಕ ಯಾಕ್ರೀ? ಹೆಣ್ಣಮಕ್ಕಳಿಗೆ ಫ್ರೀ ಐತಿ.”

“ಇರ್ಲಿ, ತಗೋ ಅಂದ್ನೆಲ್ಲ.”

ಕಂಡಕ್ಟರ್ ಹಿಂದೆ ತಿರುಗಿ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ. “ನೋಡ್ರಪಾ! ರೊಕ್ಕ ಕೊಟ್ಟು ಟಿಕೇಟ್ ತಗಳ್ಳೋ ಹೆಣ್ಣಮಗಳು ನನ್ನ ಬಸ್ಸಿಗೂ ಹತ್ತಿದ್ಲು!”

ಜನ ನಕ್ಕರು. ಆ ನಗುವಿನ ಕೆಳಗೆ ಚೀಲ ಮಾತಾಡಿತು. “ಮೇಡಂ, ಯಾರ ಜೊತೆ ಮಾತಾಡುತ್ತಿದ್ದೀರಿ?”

“ಕಂಡಕ್ಟರ್ರೀ, ಕಂಡಕ್ಟರ್,” ಎಂದು ಗಂಗಾದೇವಿಯವರು ಚೀಲದೊಳಗೆ ಬಾಗಿ ಪಿಸುಗುಟ್ಟಿದರು. ನಲವತ್ತು ವರ್ಷ ಗಲ್ಲೆಯ ಬಾಜುವಿನಲ್ಲಿ ಕೂತು ಗಟ್ಟಿ ದನಿಯಲ್ಲಿ ವ್ಯಾಪಾರ ಮಾಡಿದ ಹೆಣ್ಣುಮಗಳು ಒಂದು ಚೀಲಕ್ಕೆ ತಲೆ ಬಾಗಿಸಿದ್ದನ್ನು ಪ್ರಮಿಳಾ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು.

ಪೀರನವಾಡಿ ಬಂತು. ತನ್ನ ಓಣಿಯ ತಿರುವು, ನಲ್ಲಿಯ ಮುಂದಿನ ಕೊಡಗಳ ಸಾಲು. ಇಲ್ಲೇ ಇಳಿದುಬಿಟ್ಟರೆ ಇದೆಲ್ಲ ತನ್ನದಲ್ಲ. ಆಷಾಢದಲ್ಲಿಯೂ ಹೀಗೆಯೇ ಸುಮ್ಮನಿದ್ದಳು, ಏನೂ ಆಗಲಿಲ್ಲ. ಅವ್ವ ಬ್ಯಾಂಕಿನವರನ್ನು ಬೈದಳು, ಅಣ್ಣ ಯಲ್ಲೇಶ ಒಂದು ದಿನದ ಕೆಲಸ ಬಿಟ್ಟು ಬ್ಯಾಂಕಿಗೆ ಅಲೆದ, ಅಷ್ಟೇ. ಅವಳು ಎದ್ದು ನಿಲ್ಲಲು ಮುಂದಿನ ಕಂಬಿ ಹಿಡಿದಳು. ಗಂಗಾದೇವಿಯವರು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಹಿಡಿದಿದ್ದು ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಬಸ್ಸು ಮುಂದೆ ಹೋಯಿತು.

ಖಾನಾಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು. ಸ್ಟ್ಯಾಂಡಿನಿಂದ ಬ್ಯಾಂಕಿಗೆ ಐದು ನಿಮಿಷದ ದಾರಿ. ಚೀಲದೊಳಗಿನ ದನಿ ಈಗ ಅವಸರ ಮಾಡುತ್ತಿತ್ತು. “ಬ್ಯಾಂಕಿನವರು ಕೇಳಿದರೆ ಮನೆ ಕಟ್ಟಿಸುವುದಕ್ಕೆ ಅನ್ನಿ. ಹನ್ನೆರಡರ ಒಳಗೆ ಆಗಬೇಕು. ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.” ಗಂಗಾದೇವಿಯವರು ಮೊಣಕಾಲು ಎಳೆಯುತ್ತ ಓಡುವ ಹಾಗೆ ನಡೆದರು. ಬ್ಯಾಂಕಿನ ಬೋರ್ಡು ಕಂಡಿತು.

ಪ್ರಮಿಳಾ ನಿಂತಳು. ಒಂದು ಕೈಯಿಂದ ಚೀಲದ ಹಿಡಿಕೆಯನ್ನು ಹಿಡಿದಳು.

“ಬಿಡು ಪ್ರಮಿ.”

“ನೀವು ಏನೂ ಹೇಳಬ್ಯಾಡ್ರಿ ಅವ್ವಾರ. ಆಣಿ ಮಾಡಿದವ್ರು ನೀವು, ನಾ ಅಲ್ಲ. ನಾ ಹೇಳ್ತೇನಿ, ನೀವು ಬರೇ ಕೇಳ್ರಿ.”

“ಯಾರು ಅದು?” ಎಂದಿತು ಚೀಲ.

ಅವಳು ಹಿಡಿಕೆ ಬಿಡಲಿಲ್ಲ. “ಆಷಾಢದಾಗ ನಮ್ಮವ್ವನ ಫೋನಿಗೆ ಒಬ್ಬಾವ ಫೋನ್ ಮಾಡಿದ್ದ. ಬ್ಯಾಂಕಿನಾವ ಅಂದ. ಕಾರ್ಡ್ ಬಂದ್ ಆಗ್ತೇತಿ, ಈಗಿಂದೀಗ ನಂಬರ್ ಹೇಳು ಅಂದ. ಫೋನ್ ಕಟ್ ಮಾಡಬ್ಯಾಡ, ಯಾರಿಗೂ ಹೇಳಬ್ಯಾಡ ಅಂದ. ಅವ್ವಗ ಓದಾಕ ಬರಂಗಿಲ್ಲ. ನಾನ ಮೆಸೇಜ್ ನೋಡಿ ಆರು ಅಂಕಿ ಓದಿ ಹೇಳಿದ್ನಿ. ನಾಕು ಕುರಿ ಮಾರಿದ ರೊಕ್ಕ ಹೋತು, ಇಪ್ಪತ್ತೆರಡು ಸಾವಿರ. ಬ್ಯಾಂಕಿನವ್ರು ಮುರ್ಕೊಂಡ್ರು ಅಂತ ಮನ್ಯಾಗ ತಿಳ್ಕೊಂಡಾರ. ನಾ ಸುಮ್ನಿದ್ನಿ. ಇವತ್ತಿಗೂ ಹೇಳಿಲ್ಲ.”

ಹಾದು ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಅವಳಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು.

“ಮೇಡಂ, ಆ ಹುಡುಗಿಯ ಮೇಲೂ ಕೇಸ್ ಆಗುತ್ತದೆ!”

ಅವಳು ಚೀಲದ ಬಾಯಿ ಅಗಲಿಸಿದಳು. “ಸಾಹೇಬ್ರ, ನಾವು ಖಾನಾಪುರ ಪೊಲೀಸ್ ಸ್ಟೇಷನ್ನಿಗೆ ಹೊಂಟೇವಿ. ಅಲ್ಲಿ ಸಾಹೇಬ್ರ ಕೈಯಾಗ ಫೋನ್ ಕೊಡ್ತೇನಿ. ನೀವೂ ಪೊಲೀಸ್ರು, ಅವ್ರೂ ಪೊಲೀಸ್ರು. ನೀವು ನೀವ ಮಾತಾಡ್ಕೊಳ್ರಿ.”

ಆ ಮರ್ಯಾದೆಯ ದನಿ ಒಡೆಯಿತು. “ಏಯ್ ಮುದುಕಿ, ನಿನ್ನ ಮಗನಿಗೆ ಈಗಲೇ ಕೈಕೋಳ ಹಾಕಿದ್ದಾರೆ! ಜೀಪಿನಲ್ಲಿ ಕೂರಿಸಿದ್ದಾರೆ! ನೀನೇ ಕೊಂದೆ ಅವನನ್ನ!”

“ಅಯ್ಯೋ ನನ್ನಪ್ಪಾ!” ಗಂಗಾದೇವಿಯವರು ಪ್ರಮಿಳಾಳ ಕೆನ್ನೆಗೆ ಹೊಡೆದರು. ಜೋರಾಗಿಯೇ ಹೊಡೆದರು. “ಏನ ಮಾಡಿದಿ ನೀ? ಬಿಡು ಚೀಲ, ಬಿಡ!”

ಪ್ರಮಿಳಾ ಬಿಡಲಿಲ್ಲ. ಇನ್ನೊಂದು ಕೈಯಿಂದ ರವಿಕೆಯೊಳಗಿನ ತನ್ನ ಸಣ್ಣ ಫೋನು ತೆಗೆದು ಶಶಿಧರನ ನಂಬರು ಒತ್ತಿ, ಸ್ಪೀಕರಿಗೆ ಹಾಕಿದಳು. ಒಂದು ರಿಂಗು. ಎರಡು. ಮೂರು. ನಾಲ್ಕನೆಯದಕ್ಕೆ ಅವಳ ಧೈರ್ಯವೂ ಕುಸಿಯತೊಡಗಿತು. ಒಂದು ವೇಳೆ ಖರೇ ಆಗಿದ್ದರೆ? ಐದು.

“ಏ ಕಲ್ಮೇಶ, ಆ ಚೀಲ ಇತ್ತ ಸರಸೋ, ದಾರ್‍ಯಾಗ ಯಾಕಿಟ್ಟಿ? ಹಾಂ, ಹಲೋ, ಯಾರ? ಪ್ರಮಿ? ಪಗಾರ ನಾಳೆ ಕೊಡ್ತೇನಿ ಮಾರಾಯ್ತಿ, ಖಾನಾಪುರದಿಂದ ಫೋನ್ ಮಾಡಬೇಕೇನು?”

ಯಾರೋ ಸೀನಿದರು. ತಕ್ಕಡಿಯ ಸದ್ದು ಕೇಳಿತು. ರವಿವಾರ ಪೇಟೆ ಪೂರ್ತಿ ಆ ಸಣ್ಣ ಫೋನಿನೊಳಗಿತ್ತು.

ಕೈಚೀಲದಲ್ಲಿ ಫೋನು ‘ಟುಂಯ್’ ಎಂದಿತು. ಕಟ್ ಮಾಡಬಾರದು ಎಂದವನೇ ಕಟ್ ಮಾಡಿದ್ದ.

ಗಂಗಾದೇವಿಯವರು ಅಲ್ಲಿಯೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಶಶಿಧರ “ಹಲೋ, ಹಲೋ” ಅನ್ನುತ್ತಲೇ ಇದ್ದ. ಅವರು ಮಗನ ದನಿಯನ್ನು ಕೇಳುತ್ತ ಕೂತರು. ಪ್ರಮಿಳಾಳೇ ಅವನಿಗೆ ಎಲ್ಲ ಹೇಳಿದಳು. ಗಲ್ಲೆಯ ಮುಂದೆ ಹೇಳಲಾಗದ್ದನ್ನು ರಸ್ತೆಯ ಮೇಲೆ ನಿಂತು ಹೇಳಿದಳು. ಆಮೇಲೆ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಆ ಕಡೆಯವರು ಒಂದು ಪ್ರಶ್ನೆ ಕೇಳಿದಾಗ ಗಂಗಾದೇವಿಯವರ ಕಡೆ ತಿರುಗಿದಳು.

“ಆಧಾರ್ ಕಾರ್ಡಿನ ಫೋಟೋ ಅವಗ ಕಳಿಸೀರೇನ್ರಿ?”

ಅವರು ಹೌದೆಂದು ತಲೆಯಾಡಿಸಿದರು. ಬಾಯಿ ಬಿಡಲಿಲ್ಲ. ಆಣೆ ಇನ್ನೂ ಅವರ ಕುತ್ತಿಗೆಯಲ್ಲಿ ಲಿಂಗದ ಜೊತೆಗೇ ಇತ್ತು.

ಬ್ಯಾಂಕಿನಲ್ಲಿ ವಿಷಯ ತಿಳಿಸಿ, ಠೇವಣಿ ಇದ್ದಲ್ಲೇ ಇದೆಯೆಂದು ಕಣ್ಣಾರೆ ನೋಡಿಕೊಂಡು ಸ್ಟ್ಯಾಂಡಿಗೆ ಮರಳಿದರು. ಹೊಸ ಹೊಸ ನಂಬರಿನಿಂದ ಫೋನು ಬರುತ್ತಲೇ ಇತ್ತು. ಪ್ರತಿ ಸಲ ಚೀಲ ನಡುಗಿದಾಗ ಗಂಗಾದೇವಿಯವರೂ ನಡುಗಿದರು. ಯಾರೂ ಎತ್ತಲಿಲ್ಲ. ತಿರುಗಿ ಹೋಗುವ ಬಸ್ಸಿನಲ್ಲಿ ಅದೇ ಕಂಡಕ್ಟರ್ ಸಿಕ್ಕ. “ಈಗೂ ರೊಕ್ಕಾನ ಏನ್ರೀ ಅಮ್ಮಾರ?” ಅವರು ಆಧಾರ್ ತೆಗೆದು ಅವನ ಮುಖದ ಮುಂದೆ ಹಿಡಿದರು.

ಅರ್ಧ ದಾರಿಯಲ್ಲಿ ಅವರ ಕೈ ಬಂದು ಪ್ರಮಿಳಾಳ ಕೆನ್ನೆ ಮುಟ್ಟಿತು. “ಉರಿತೈತೇನ?”

“ಇಲ್ರೀ.”

“ಸುಳ್ಳು ಹೇಳಬ್ಯಾಡ. ಇವತ್ತಿನ ಸುಳ್ಳೆಲ್ಲಾ ನಾನ ಹೇಳೇನಿ.” ಆಮೇಲೆ ಕೇಳಿದರು. “ನಿಮ್ಮವ್ವ ಈ ಹೊತ್ತಿನ್ಯಾಗ ಮನ್ಯಾಗಿರ್ತಾಳ?”

ಪ್ರಮಿಳಾ ಅವರ ಕಡೆ ತಿರುಗಿದಳು. “ಇರ್ತಾಳ್ರಿ. ಯಾಕ್ರೀ?”

“ಪೂಜಿ ಆಗಿಲ್ಲ ನಂದು. ಅಂಗೈಯಾಗ ಲಿಂಗ ಇತ್ತು, ಕಣ್ಣು ಆ ಮುಖೇಡಿ ಮ್ಯಾಲೆ ಇತ್ತು. ಅದು ಪೂಜಿ ಅಲ್ಲ. ನಿಮ್ಮ ಮನ್ಯಾಗ ಒಂದ್ ತಂಬಿಗಿ ನೀರು ಕೊಡು. ಪೂಜಿ ಮಾಡಿ ಅಲ್ಲೇ ಎರಡ ರೊಟ್ಟಿ ತಿಂತೇನಿ.”

ಪೀರನವಾಡಿಯ ಆ ಒಂದು ಕೋಣೆಯ ಮನೆಗೆ ಸಾವ್ಕಾರ್ತಿ ಬಂದದ್ದನ್ನು ಕಂಡು ಪ್ರಮಿಳಾಳ ಅವ್ವ ಪದ್ಮವ್ವ ಕಕ್ಕಾಬಿಕ್ಕಿಯಾದಳು. ಚಾಪೆ ಝಾಡಿಸಿದಳು, ತಂಬಿಗೆಯನ್ನು ಎರಡು ಸಲ ಬೆಳಗಿದಳು. ಗಂಗಾದೇವಿಯವರು ಗೋಡೆಗೆ ಮುಖ ಮಾಡಿ ಕೂತು ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಮೂಲೆಯಲ್ಲಿಟ್ಟ ಕೈಚೀಲದಲ್ಲಿ ಫೋನು ಮತ್ತೆ ಗುರ್ರೆಂದಿತು. ಅವರ ಕಣ್ಣು ಕದಲಲಿಲ್ಲ.

ಒಲೆಯ ಮುಂದೆ ಪದ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಪೂಜೆಗೆ ತೊಂದರೆಯಾಗದಿರಲೆಂದು ಮೆಲ್ಲಗೆ ಬಡಿಯುತ್ತಿದ್ದಳು. ಪ್ರಮಿಳಾ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು.

“ಅವ್ವಾ,” ಎಂದಳು ಪಿಸುದನಿಯಲ್ಲಿ. “ಆ ಕುರಿ ರೊಕ್ಕ ಬ್ಯಾಂಕಿನವ್ರು ಮುರ್ಕೊಂಡಿಲ್ಲ.”

ರೊಟ್ಟಿಯ ಮೇಲೆ ಪದ್ಮವ್ವನ ಕೈ ನಿಂತಿತು.