ಎಡಕ್ಕೆ ಸುತ್ತುವ ಇಲಿ

ಸುಗ್ಗಿ ಕುಣಿತದ ಮೇಳದ ಮುಂದಾಳು ಬೊಮ್ಮಯ್ಯ ನಡುಕದ ಗುಳಿಗೆ ಬಿಟ್ಟು ಕೂತದ್ದು ಒಂದು ಇಲಿಯ ದೆಸೆಯಿಂದ. ಆ ನಡುಕಕ್ಕೆ ಕುಮಟೆಯ ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರಿಟ್ಟಿದ್ದರು. ಗುಳಿಗೆ ನುಂಗಿದಷ್ಟು ದಿನ ಕಾಲು ಹೇಳಿದ ಮಾತು ಕೇಳುತ್ತಿತ್ತು.

ಮೊಮ್ಮಗಳು ರಂಜಿತಾ ಔಷಧ ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ರಜೆಗೆ ಧಾರೇಶ್ವರಕ್ಕೆ ಬಂದವಳು, ಅಜ್ಜನಿಗೆ ಧೈರ್ಯ ಬರಲೆಂದು ಮೊಬೈಲಿನಲ್ಲಿ ತನ್ನ ಇಲಿಯ ವಿಡಿಯೋ ತೋರಿಸಿದಳು. ಒಂದು ಮಗ್ಗುಲಿಗೆ ವಾಲಿ ಮಂಕಾಗಿ ಕೂತಿದ್ದ ಇಲಿ, ಅಜ್ಜ ನುಂಗುವಂಥದೇ ಮದ್ದು ಒಳಗೆ ಹೋದ ಮೇಲೆ ಗರಗರ ಸುತ್ತತೊಡಗಿತು.

ಬೊಮ್ಮಯ್ಯ ನೋಡಿದ, ಮತ್ತೊಮ್ಮೆ ಹಾಕಿಸಿ ನೋಡಿದ. ಮರುದಿನದಿಂದ ಗುಳಿಗೆ ಮುಟ್ಟಲಿಲ್ಲ. ಕಾಲು ಹೊಸ್ತಿಲಲ್ಲೇ ಅಂಟಿ ನಿಲ್ಲತೊಡಗಿತು. ಮೇಳ ಕುಣಿಯುವ ಹೋಳಿ ಹತ್ತಿರ ಬಂದಿತ್ತು. ಮುಂದಾಳಿನ ತುರಾಯಿ ಭಾವಮೈದ ಶುಕ್ರನ ತಲೆಗೆ ಏರುವುದು ಖಂಡಿತವಾಯಿತು. ಅವನಾಗಲೇ ಗದ್ದೆಯಲ್ಲಿ ಒಬ್ಬನೇ ಕುಣಿದು ನೋಡುತ್ತಿದ್ದನೆಂದು ಸುದ್ದಿ.

"ಎಂತ ಆತು ಅಜ್ಜಾ? ಗುಳಿಗೆ ಎಂತಕ್ಕೆ ಬಿಟ್ಟೆ?"

"ನಿನ್ನ ಇಲಿ ಎಡಕ್ಕೆ ಸುತ್ತತದೆ."

"ಸುತ್ಲಿ."

"ಸುತ್ಲಿ ಅಂದ್ರೆ? ನಮ್ಮ ಮೇಳ ಬಲಕ್ಕೆ ಸುತ್ತೂದು. ನಾ ಒಬ್ಬನೇ ಎಡಕ್ಕೆ ಹೋದ್ರೆ ಶುಕ್ರನ ಮೂಗಿಗೇ ಡಿಕ್ಕಿ!"

"ನನ್ನ ತಮ್ಮನ ಮೂಗಿನ ಸುದ್ದಿ ಬ್ಯಾಡ," ಒಳಗಿಂದ ಹೆಂಡತಿ ಹನುಮಕ್ಕ ಕೂಗಿದಳು.

ರಂಜಿತಾ ನಗು ನುಂಗಿದಳು. "ಆ ಇಲಿಯ ಮಿದುಳಲ್ಲಿ ನಾವು ಒಂದೇ ಬದಿ ಹಾಳು ಮಾಡಿದ್ದು ಅಜ್ಜಾ. ಅದಕ್ಕೇ ಒಂದೇ ಕಡೆ ತಿರುಗ್ತದೆ. ಬೇರೆ ಥರದ ಮದ್ದು ಕೊಟ್ರೆ ಅದೇ ಇಲಿ ಬಲಕ್ಕೂ ತಿರುಗ್ತದೆ."

ಕೊನೆಯ ಮಾತು ಆಡಬಾರದಿತ್ತು. ಬೊಮ್ಮಯ್ಯನ ಮುಖ ಅರಳಿತು. "ಹಂಗಾರೆ ನಂಗೆ ಆ ಬಲದ ಮದ್ದೇ ಕೊಡೆ!"

"ಅದು ಇಲಿಗೆ, ನಿಂಗಲ್ಲ! ನಿಂಗೆ ಎರಡು ಬದೀನೂ ಹಾಳಾಗಿದೆ!"

ಬೊಮ್ಮಯ್ಯ ಎರಡೂ ಅಂಗೈ ಎದುರಿಟ್ಟು ತೂಗಿ ನೋಡಿದ. "ಎರಡೂನಾ? ಸಮ ಆತಲ್ಲ, ಹಂಗಾರೆ ಅಡ್ಡಿಲ್ಲ," ಎಂದು ನೀರು ತರಿಸಿ ಗುಳಿಗೆ ನುಂಗಿದ.

ಎಲ್ಲಾದರೂ ಸುತ್ತಿಯಾನೆಂದು ಹನುಮಕ್ಕ ಬಾವಿಕಟ್ಟೆಗೆ ಅಡ್ಡ ನಿಂತಳು. ಗಂಟೆ ಕಳೆಯಿತು. ಬೊಮ್ಮಯ್ಯ ಎದ್ದ. ಕಾಲು ಹೊಸ್ತಿಲು ದಾಟಿತು, ಅಂಗಳ ದಾಟಿತು, ಗೆರೆ ಎಳೆದಂತೆ ನೇರ ಬೇಲಿಗೆ ಹೋಗಿ ನಿಂತಿತು. ಅವನ ಮೋರೆ ಸಪ್ಪಗಾಯಿತು.

"ಬಲಕ್ಕೂ ಸುತ್ತಲೇ ಇಲ್ವಲ್ಲೇ! ಕುಣಿಯೂದು ಹೆಂಗೆ?"

"ಗುಳಿಗೆ ಕಾಲು ಎತ್ತಿಸ್ತದೆ," ಎಂದಳು ಹನುಮಕ್ಕ. "ಸುತ್ತೂದು ನೀ ಕಲ್ತದ್ದಲ್ವಾ?"

ಬೇಲಿಯಾಚೆ ಶುಕ್ರ ಬಗ್ಗಿ ನೋಡುತ್ತಿದ್ದ. ಬೊಮ್ಮಯ್ಯ ಕೈ ಎತ್ತಿದ. ನಿಧಾನಕ್ಕೆ, ಬಲಕ್ಕೆ, ಪೂರ್ತಿ ಒಂದು ಸುತ್ತು ಸುತ್ತಿ ನಿಂತ.

"ಎಂತ ನೋಡ್ತೆ ಶುಕ್ರಾ? ಹೋಗು, ಗುಮಟೆ ತಕಂಬಾ. ಬಾರ್ಸು."