ಫೆರ್ಮಿನ್ ಹೆಸರಿನಲ್ಲಿ ಸತ್ತವನು

“ಲೇ ಫೆರ್ಮಿನ್, ಕಬ್ಬು ಕಡ್ಯಕ್ಕೆ ಬಂದಿದ್ದೀಯೋ, ಸಾಲಿಗೊಂದ್ಸಲ ಉಚ್ಚೆ ಉಯ್ಯಕ್ಕೆ ಬಂದಿದ್ದೀಯೋ? ಉಯ್ಯಕ್ಕಾದ್ರೂ ಬತ್ತದೇನ್ಲಾ ನಿಂಗೆ, ಬೋಳಿಮಗ್ನೆ?”

ಮೇಸ್ತ್ರಿ ಅಬೆಲಾರ್ದೋನ ಮಾತಿಗೆ ಸಾಲಿನಲ್ಲಿದ್ದ ಒಂದಿಬ್ಬರು ನಕ್ಕರು. ನಗದಿದ್ದರೆ ಮುಂದಿನ ಬೈಗುಳ ತಮ್ಮ ಪಾಲಿಗೆ ಎಂದು ಅವರಿಗೆ ಗೊತ್ತಿತ್ತು. ಬೈಸಿಕೊಂಡವನು ಕಬ್ಬಿನ ಮರೆಯಿಂದ ಬಂದು, ಪ್ಯಾಂಟಿನ ಗುಂಡಿ ಹಾಕಿಕೊಂಡು, ಬಗ್ಗಿ ಮತ್ತೆ ಮಚ್ಚು ಬೀಸಿದ. ಹಿಂದಿನ ದಿನ ಬೆಂಕಿ ಹಾಕಿ ಗರಿ ಸುಟ್ಟ ಕಬ್ಬು; ಮುಟ್ಟಿದಲ್ಲೆಲ್ಲ ಮಸಿ. ಕೆಳಗಿನ ನೆಲದ ಬಿಸಿ ಇನ್ನೂ ಆರಿರಲಿಲ್ಲ, ಮೇಲಿನಿಂದ ಬಿಸಿಲು ಶುರುವಾಗಿತ್ತು.

ಅವನ ಹೆಸರು ಫೆರ್ಮಿನ್ ಅಲ್ಲ, ಕಾಂದಿದೋ. ಅದು ಮೇಸ್ತ್ರಿಗೂ ಗೊತ್ತು. ಹಿಂದೆ ಹಿಂದೆ ಬಿದ್ದ ಕಬ್ಬು ಆಯುತ್ತ ಬರುತ್ತಿದ್ದ ಕಾಂದಿದೋನ ಹೆಂಡತಿ ಹಸಿಂತಾಳಿಗಂತೂ ಗೊತ್ತೇ ಇತ್ತು. ಫೆರ್ಮಿನ್ ಅವಳ ತಮ್ಮ. ಹುಟ್ಟಿದಾಗಿನಿಂದ ಒಂದು ಕಾಲು ಗಿಡ್ಡ, ಊರಿನಲ್ಲಿ ಸೈಕಲ್ ರಿಪೇರಿ ಅವನ ಕಸುಬು. ಜನ್ಮದಲ್ಲಿ ಕಬ್ಬಿಗೆ ಮಚ್ಚು ಹಾಕದವನಾದ್ದರಿಂದ ಅವನ ರಕ್ತ ಶುದ್ಧವಾಗಿತ್ತು.

ಕಟಾವು ಶುರುವಾಗುವ ಮೊದಲು ಕಾರ್ಖಾನೆಯ ಆಸ್ಪತ್ರೆಯಲ್ಲಿ ಎಲ್ಲರ ರಕ್ತ ತೆಗೆಯುತ್ತಾರೆ. ಬಿಸಿಲಲ್ಲಿ ಕಡಿದು ಕಡಿದು ಮೂತ್ರಪಿಂಡ ಕೆಟ್ಟವನಿಗೆ ಕೆಲಸವಿಲ್ಲ. ಆ ಚೀಟಿಯಲ್ಲಿ ಬರುವ ಒಂದು ಅಂಕಿಯ ಹೆಸರು ಕ್ರಿಯಾಟಿನಿನ್. ಊರಿನವರು ರೋಗಕ್ಕೇ ಆ ಹೆಸರಿಟ್ಟುಬಿಟ್ಟಿದ್ದರು. ‘ಅವನಿಗೆ ಕ್ರಿಯಾಟಿನಿನ್ ಹತ್ಕೊಂಡದೆ’ ಅಂದರೆ ಮುಂದಕ್ಕೆ ಯಾರೂ ಏನೂ ಕೇಳುತ್ತಿರಲಿಲ್ಲ. ಕಾಂದಿದೋನಿಗೆ ಅದು ಹತ್ತಿಕೊಂಡು ಎರಡು ವರ್ಷವಾಗಿತ್ತು. ಪಕ್ಕದ ಮನೆಯಿಂದ ಉಪ್ಪು ಕಡ ತಂದಂತೆ ಆ ಊರಿನವರು ರಕ್ತ ಕಡ ತರುತ್ತಿದ್ದರು. ಫೆರ್ಮಿನ್ ಹೋಗಿ ರಕ್ತ ಕೊಟ್ಟು ಬಂದ, ಅವನ ಗುರುತಿನ ಚೀಟಿ ಹಿಡಿದು ಕಾಂದಿದೋ ಹೊಲಕ್ಕೆ ಹೋಗುವ ಬಸ್ಸು ಹತ್ತಿದ. ರಕ್ತ ತೆಗೆಯುವ ಮೇಜಿನ ಕೆಳಗೆ ಕಾಲು ನೋಡುವವರಾರು?

ಹಸಿಂತಾಳ ಅಪ್ಪ ಹನ್ನೆರಡು ಗಂಟೆವರೆಗೂ ಕಡಿದು, ಮನೆಗೆ ಬಂದು ಉಂಡು, ಮಾವಿನ ಮರದ ಕೆಳಗೆ ಮಲಗಿ, ಸಂಜೆ ಚೆಂಡಾಟಕ್ಕೆ ಹೋಗುತ್ತಿದ್ದ. ಈಗ ಒಂಬತ್ತಕ್ಕೇ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಮಾವಿನ ಮರಗಳನ್ನು ಕಡಿದು ಅಲ್ಲೂ ಕಬ್ಬು ಹಾಕಿಯಾಗಿತ್ತು.

“ಇವತ್ತು ಸಾಕು, ಬಾ ಮಾರಾಯ,” ಎಂದಳು ಅವಳು, ಮೇಸ್ತ್ರಿಗೆ ಕೇಳದಂತೆ.

“ಈ ಸಾಲು ಮುಗೀಲಿ ಕಣೆ. ನಾಳೀಕೆ ಪರದೇಸದೋರು ಬತ್ತಾರಂತೆ, ನಾಳೀಕೆ ನೆಳ್ಳು ಕೊಡ್ತಾರಂತೆ. ನಾಳೆ ಕೂತ್ಕತೀನಿ.”

ಸಾಲು ಮುಗಿಯಲು ಹತ್ತು ಬುಡ ಉಳಿದಿದ್ದಾಗ ಅವನು ಮಂಡಿಯೂರಿದ. ವಾಂತಿ ಮಾಡಿಕೊಂಡ. ಹಸಿಂತಾ ಓಡಿಬಂದು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಾಗ ಮೈ ಕೆಂಡವಾಗಿತ್ತು, ಬೆವರೇ ಇರಲಿಲ್ಲ. “ನೀರು” ಎಂದು ಕೂಗಿದಳು. ಮೇಸ್ತ್ರಿ ಬಂದು ನೋಡಿದ. ಅವನ ಮುಖ ಒಂದು ಗಳಿಗೆ ಬಿಳುಚಿಕೊಂಡಿತು. ಆಮೇಲೆ ಅವನು ಟ್ರ್ಯಾಕ್ಟರ್ ಕರೆಸಿದ, ಆಸ್ಪತ್ರೆಗಲ್ಲ, ಊರಿಗೆ. ಅದು ಹೊಲ ದಾಟುವ ಮೊದಲೇ ಹಸಿಂತಾಳ ಮಡಿಲಲ್ಲಿ ಅವನ ಉಸಿರು ನಿಂತಿತ್ತು. ಇಬ್ಬರು ಆಳುಗಳು ಹೆಣವನ್ನು ಇಳಿಸಿ, ಅವನದೇ ಮನೆಯ ಜೋಲಿಯಲ್ಲಿ ಮಲಗಿಸಿ, ಹ್ಯಾಟು ತೆಗೆದು ನಿಂತರು.

“ಮನೇಲೇ ಜೀವ ಓಯ್ತು ಅಂತ ಬರ್ಸಿ ಅಂದವ್ರೆ ಮೇಸ್ತ್ರಿ ಕನಕ್ಕ,” ಎಂದ ಒಬ್ಬ, ನೆಲ ನೋಡುತ್ತ. “ನಮ್ಮ ಕೈಲಿ ಏನದೆ ಹೇಳು.”

*

ಹೊತ್ತು ಇಳಿಯುವ ಮೊದಲೇ ಹಸಿಂತಾ ಕಾರ್ಖಾನೆಯ ಕಚೇರಿಗೆ ಹೋದಳು. ಬಾಗಿಲು ತೆಗೆದೊಡನೆ ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಮೈ ಜುಮ್ಮೆಂದಿತು. ಗೋಡೆಯ ಮೇಲೆ ಹಸಿರು ಎಲೆಯೊಳಗೆ ಭೂಮಿಯ ಚಿತ್ರ. ಇಲ್ಲಿನ ಕಬ್ಬಿನಿಂದ ಮಾಡುವ ಎಣ್ಣೆ ಹಾಕಿದರೆ ದೂರದ ದೇಶಗಳ ಕಾರುಗಳು ಕಡಿಮೆ ಹೊಗೆ ಬಿಡುತ್ತವಂತೆ, ಭೂಮಿ ತಂಪಾಗುತ್ತದಂತೆ. ನಾಳೆ ಬರುವವರು ಅದಕ್ಕೆ ಪ್ರಮಾಣಪತ್ರ ಕೊಡುವವರು.

ಮೇಜಿನ ಹಿಂದಿದ್ದ ಎಂಜಿನಿಯರು ದಪ್ಪ ಪುಸ್ತಕ ತಿರುವಿದ. “ಕಾಂದಿದೋ ಅನ್ನೋನು ನಮ್ಮಲ್ಲಿ ಎರಡು ವರ್ಷದಿಂದ ಇಲ್ವಲ್ಲಮ್ಮ.”

“ಇದ್ದ ಸ್ವಾಮಿ. ಇವತ್ತು ನಿಮ್ಮ ಹೊಲದಾಗೆ, ನನ್ನ ಮಡ್ಲಾಗೆ ಸತ್ತ.”

“ಆ ಸಾಲಿನಲ್ಲಿ ಇದ್ದವನು ಫೆರ್ಮಿನ್. ನಿನ್ನೆಯೂ ಏಳು ಟನ್ ಕಡಿದಿದ್ದಾನೆ, ನೋಡು. ಫೆರ್ಮಿನ್ ಸತ್ನಾ?”

ಅವನು ಬೆರಳಿಟ್ಟ ಸಾಲನ್ನು ಅವಳು ಬಗ್ಗಿ ನೋಡಿದಳು.

“ಇಲ್ಲ ತಾನೆ? ಹಂಗಾದ್ರೆ ನಮ್ಮಲ್ಲಿ ಯಾರೂ ಸತ್ತಿಲ್ಲ.” ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಮಗುವಿಗೆ ಲೆಕ್ಕ ಹೇಳಿಕೊಡುವವನಂತೆ ಇತ್ತು. “ಸುಳ್ಳು ರಕ್ತ ಕೊಟ್ಟೋರಿಗೆ ಜೈಲು ಅಂತ ಗೊತ್ತಲ್ಲ? ನಿನ್ನ ತಮ್ಮ ಅಲ್ವಾ ಅವನು? ಹೋಗು ತಾಯಿ, ಮಣ್ಣು ಮಾಡು. ಪೆಟ್ಟಿಗೆ ನಾವೇ ಕಳಿಸ್ತೀವಿ.”

*

ಪೆಟ್ಟಿಗೆ ಬಂತು. ಪಾದ್ರಿ ಬಂದು ಎರಡು ಮಾತು ಓದಿ, ‘ದೇವರ ಚಿತ್ತ’ ಎಂದು ಹೇಳಿ, ಕಾರ್ಖಾನೆಯ ಜೀಪಿನಲ್ಲೇ ಹಿಂತಿರುಗಿದ. ಹೆಂಗಸರು ಜೋಳದ ರೊಟ್ಟಿ ಸುಟ್ಟು, ಕಾಫಿ ಕಾಸಿ ಬಂದವರಿಗೆ ಕೊಟ್ಟರು. ಆ ಬೀದಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಗಂಡ ಸತ್ತವರೇ. ಯಾರೂ ಗಟ್ಟಿಯಾಗಿ ಅಳಲಿಲ್ಲ.

ಫೆರ್ಮಿನ್ ಗೋಡೆಗೆ ಒರಗಿ ಕುಳಿತಿದ್ದ.

“ನಾನೇ ಕೊಂದೆ ಕನಕ್ಕ ಭಾವನ್ನ. ರಕ್ತ ಕೊಡಕಿಲ್ಲ ಅಂದಿದ್ರೆ ಮನೇಲಿ ಬಿದ್ದಿರೋನು.”

“ಮನೇಲಿ ಬಿದ್ದಿದ್ರೆ ಉಣ್ಣಕ್ಕೆ ಏನ್ಲಾ ಇಕ್ತಿದ್ದೆ ನಾನು, ನಿನ್ನ ಸೈಕಲ್ ಟ್ಯೂಬಾ?”

ಅವನು ನಕ್ಕ; ನಗುತ್ತಲೇ ಅತ್ತ. ಹಸಿಂತಾ ಅವನ ಪಕ್ಕ ಕುಳಿತಳು.

“ಅವುನ್ನ ಕೆಲ್ಸ ಇಲ್ದೆ ಮನೇಲಿ ಸತ್ತ ಅಂತ ಬರ್ಕಂಡವ್ರೆ. ಹದ್ನಾರು ವರ್ಸ ಕಡ್ದವ್ನೆ ಕಣ್ಲಾ ಅವ್ನು. ನಾಳೆ ಆ ಪರದೇಸದೋರ ಎದ್ರುಗೆ ಹೋಯ್ತೀನಿ. ಹೆಸ್ರು ಹೇಳ್ತೀನಿ. ಹೇಳುದ್ರೆ ನಿನ್ನ ಹಿಡ್ಕತಾರೆ. ಬ್ಯಾಡ ಅಂದ್ರೆ ಇಲ್ಲೇ ಬಾಯಿ ಮುಚ್ಕತೀನಿ. ನೀನು ಹೇಳು.”

ಫೆರ್ಮಿನ್ ತನ್ನ ಗಿಡ್ಡ ಕಾಲನ್ನು ಉಜ್ಜಿಕೊಂಡ.

“ಜೈಲ್ನಾಗೆ ಸೈಕಲ್ ಇರಕಿಲ್ವೇನೋ,” ಎಂದ. ಗೋಡೆ ಹಿಡಿದು ಎದ್ದು, “ನಾನೂ ಬತ್ತೀನಿ,” ಎಂದ.

*

ಮರುದಿನ ಬೆಳಿಗ್ಗೆ ಮಣ್ಣು ಮಾಡಿ, ಅಲ್ಲಿಂದ ನೇರವಾಗಿ ಹೊಲಕ್ಕೆ ನಡೆದರು. ಹೊಲದಲ್ಲಿ ಬಿಳಿಯ ಚಪ್ಪರಗಳು ಎದ್ದಿದ್ದವು, ಬೆಂಚು, ನೀಲಿ ಡ್ರಮ್ಮುಗಳಲ್ಲಿ ಮಂಜುಗಡ್ಡೆ ಹಾಕಿದ ನೀರು. ನಲವತ್ತು ಜನ ಕಡಿಯುವವರು ಹೊಸ ಹ್ಯಾಟು ಹಾಕಿಕೊಂಡು, ಫೋಟೋಕ್ಕೆಂದು ಕೂರಿಸಿದಂತೆ ಕೂತಿದ್ದರು. ಅವರ ಮುಂದೆ ಎಂಜಿನಿಯರು, ಒಬ್ಬ ದುಭಾಷಿ ಹುಡುಗಿ, ಮತ್ತು ಬಿಸಿಲಿಗೆ ಕೆಂಪಾಗಿದ್ದ ಒಬ್ಬ ಎತ್ತರದ ಪರದೇಶಿ. ಅವನ ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಹಾಳೆಗಳು.

“ಅವಳನ್ನ ಆಚೆಗೆ ಎಳ್ಕೊಂಡೋಗ್ರೋ,” ಎಂದ ಅಬೆಲಾರ್ದೋ. ಯಾರೂ ಏಳಲಿಲ್ಲ. ಪರದೇಶಿ ನೋಡುತ್ತಿದ್ದುದರಿಂದ ಅವನೂ ಕೈಮಾಡಲಿಲ್ಲ.

ಹಸಿಂತಾ ಪರದೇಶಿಯ ಮುಂದೆ ನಿಂತಳು. ತಮ್ಮನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

“ಇವ್ನು ಫೆರ್ಮಿನ್. ಬುಕ್ಕಿನಾಗೆ ದಿನಾ ಏಳು ಟನ್ ಕಡಿಯೋನು ಇವ್ನೇಯ. ನಡೀಲಾ, ತೋರ್ಸು ಸ್ವಾಮೇರ್ಗೆ.”

ಫೆರ್ಮಿನ್ ಸುಟ್ಟ ಕೂಳೆಗಳ ನಡುವೆ ನಾಲ್ಕು ಹೆಜ್ಜೆ ಕುಂಟಿ, ಮುಗ್ಗರಿಸಿ, ಮತ್ತೆ ನೆಟ್ಟಗೆ ನಿಂತ.

“ಕಡ್ದೋನು ನನ್ನ ಗಂಡ, ಕಾಂದಿದೋ. ನೆನ್ನೆ ಆ ಸಾಲ್ನಾಗೆ ಬೆಂದು ಸತ್ತ. ಈ ನೆಳ್ಳು ನೆನ್ನೆ ಇರ್ನಿಲ್ಲ, ಈ ನೀರೂ ಇರ್ನಿಲ್ಲ. ನಿಮ್ಮ ಭೂಮಿ ತಂಪಾಗೋ ಎಣ್ಣೆ ಅವ್ನು ಕಡ್ದ ಕಬ್ಬಿಂದು. ಅವನ ಹೆಸ್ರು ಬರ್ಕಳಿ. ಅಷ್ಟೇಯ ನಾನು ಕೇಳದು.”

ಪರದೇಶಿ ಏನೋ ಕೇಳಿದ. ದುಭಾಷಿ ಹುಡುಗಿ ಎಂಜಿನಿಯರನ್ನು ನೋಡಿದಳು. ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆಮೇಲೆ ಅವನ ಭಾಷೆಯಲ್ಲಿ ‘ನೀರು ಬೇಕಂತೆ’ ಅನ್ನುವಷ್ಟೇ ಚಿಕ್ಕ ಮಾತೊಂದನ್ನು ಹೇಳಿದಳು.

ಪರದೇಶಿ ತಲೆಯಾಡಿಸಿದ. ಮರುಕದಿಂದ ಮುಗುಳ್ನಕ್ಕು, ಡ್ರಮ್ಮಿನಿಂದ ಒಂದು ಲೋಟ ತಣ್ಣೀರು ತುಂಬಿಸಿ ಹಸಿಂತಾಳ ಮುಂದೆ ಹಿಡಿದ.

ಅವಳು ಲೋಟವನ್ನು ನೋಡಿದಳು. ತೆಗೆದುಕೊಂಡು ಬೆಂಚಿನ ಮೇಲೆ ಇಟ್ಟಳು. ಅವನ ಕೈಯಲ್ಲಿದ್ದ ಹಲಗೆಯನ್ನು, ಮಗುವಿನ ಕೈಯಿಂದ ಕತ್ತಿ ತೆಗೆದುಕೊಳ್ಳುವ ಹಾಗೆ, ಮೆಲ್ಲಗೆ ತೆಗೆದುಕೊಂಡಳು. ಅವನು ಪೆನ್ನನ್ನೂ ಬಿಟ್ಟುಕೊಟ್ಟ. ಅವಳಿಗೆ ಬರೆಯಲು ಬರುತ್ತಿದ್ದುದು ಎರಡೇ ಹೆಸರು. ಅಚ್ಚಾದ ಸಾಲು, ಗೀಟು, ಸರಿ ಗುರುತುಗಳ ಮೇಲೆಯೇ, ಹಾಳೆಯ ಈ ಅಂಚಿನಿಂದ ಆ ಅಂಚಿಗೆ, ಒಂದೊಂದೇ ಅಕ್ಷರ ಕೂಡಿಸಿ ‘ಕಾಂದಿದೋ’ ಎಂದು ಬರೆದಳು.

“ಬಾಯಿ ಬಿಟ್ಟೋರು ಯಾರೂ ನಾಳೆ ಬಸ್ ಹತ್ತಂಗಿಲ್ಲ,” ಎಂದ ಅಬೆಲಾರ್ದೋ ಬೆಂಚಿನ ಕಡೆ ತಿರುಗಿ.

ಬೆಂಚಿನ ತುದಿಯಲ್ಲಿದ್ದ ಮುದುಕ ಎದ್ದ. ಅವನು ತನ್ನ ಸತ್ತ ಮಗನ ಚೀಟಿಯ ಮೇಲೆ ಕೆಲಸ ಮಾಡುತ್ತಿದ್ದವನು.

“ನಾನು ತಿಬುರ್ಸಿಯೋ ಕನವ್ವ,” ಎಂದ. “ನನ್ನ ಹೆಸ್ರೇ ನಂಗೆ ಮರ್ತೋಗಿತ್ತು. ಬರ್ಯಕ್ಕೆ ಬರಕಿಲ್ಲ.”

ಅವನು ಬಗ್ಗಿ, ಸುಟ್ಟ ಕಬ್ಬಿನ ಬುಡಕ್ಕೆ ಹೆಬ್ಬೆಟ್ಟು ತಿಕ್ಕಿ, ಆ ಮಸಿಯನ್ನು ಹಾಳೆಗೆ ಒತ್ತಿದ. ಅವನ ಹಿಂದೆ ಇನ್ನೊಬ್ಬ ಬಂದ. ಕೆಲವರು ತಲೆ ತಗ್ಗಿಸಿ ಕೂತೇ ಇದ್ದರು. ಅವರ ಮನೆಯಲ್ಲಿ ಎಳೆ ಮಕ್ಕಳಿದ್ದವು. ಬಂದವರು ಮಾತ್ರ ಒಬ್ಬರ ಹಿಂದೊಬ್ಬರು, ತಮ್ಮ ತಮ್ಮ ಹೆಸರನ್ನು ಬಾಯಲ್ಲಿ ಹೇಳಿ ಹೆಬ್ಬೆಟ್ಟು ಒತ್ತುತ್ತ ಹೋದರು. ಅಬೆಲಾರ್ದೋ ಪ್ರತಿಯೊಬ್ಬನ ಮುಖವನ್ನೂ ನೋಡಿ ತುಟಿಯಾಡಿಸುತ್ತ ಗುರುತಿಟ್ಟುಕೊಳ್ಳುತ್ತಿದ್ದ. ಎಂಜಿನಿಯರು ಫೋನಿನಲ್ಲಿ ಪೊಲೀಸರಿಗೆ ದಾರಿ ಹೇಳುತ್ತಿದ್ದ. ಪರದೇಶಿ ಹುಡುಗಿಯನ್ನು ಏನೋ ಕೇಳುತ್ತಲೇ ಇದ್ದ. ಅವಳು ಮುಖ ಮುಚ್ಚಿಕೊಂಡಿದ್ದಳು.

ಹಾಳೆ ಮಸಿಯಿಂದ ತುಂಬಿಹೋಯಿತು. ಹಸಿಂತಾ ಅದನ್ನು ಮೇಲೆತ್ತಿ, ಕೆಳಗಿನ ಹಾಳೆ ತೆರೆದು, ಸಾಲಿನಲ್ಲಿ ನಿಂತಿದ್ದ ಮುಂದಿನವನಿಗೆ ಹಿಡಿದಳು.