ಒಂದು ತೆಂಗಿನಮರಕ್ಕೆ ಇಬ್ಬರು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಬಸ್ಸಿನಿಂದ ಶುರು ಮಾಡಬಹುದು. ಊರಿಗೆ ಬರುವವರ ಕಥೆಗಳೆಲ್ಲ ಹಾಗೇ ಅಲ್ಲವೇ: ಬಸ್ಸು ನಿಲ್ಲುತ್ತದೆ, ಧೂಳೇಳುತ್ತದೆ, ಬ್ಯಾಗು ಹಿಡಿದ ಹೆಂಗಸೊಬ್ಬಳು ಇಳಿದು ಸಮುದ್ರದ ಕಡೆ ನೋಡಿ ನಿಟ್ಟುಸಿರು ಬಿಡುತ್ತಾಳೆ. ಆದರೆ ನಮ್ಮ ಪ್ಲಮ್ ಪಾಯಿಂಟಿನಲ್ಲಿ ಧೂಳೇಳುವುದಿಲ್ಲ, ವರ್ಷದ ಹತ್ತು ತಿಂಗಳು ನೆಲ ಒದ್ದೆ. ಬಸ್ಸು ನಿಲ್ಲುವುದು ನನ್ನ ಅಂಗಡಿಯ ಎದುರು. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಕೋಳಿಗೂಡು ಕಾಣುತ್ತದೆ. ಅವಳು ಕೋಳಿಗೂಡು ನೋಡಿ ನಿಟ್ಟುಸಿರು ಬಿಟ್ಟಳು ಎಂದು ಬರೆದರೆ ನೀವು ಪುಸ್ತಕ ಮುಚ್ಚಿಡುತ್ತೀರಿ.

(ಇದನ್ನೆಲ್ಲ ಹೇಳಲು ನೀನ್ಯಾರು ಅಂದಿರಾ? ಗದಗಿನವನು. ಇಪ್ಪತ್ತಾರು ವರ್ಷಗಳಿಂದ ಕೋಸ್ಟರಿಕಾದ ಈ ಕೆರಿಬಿಯನ್ ದಂಡೆಯಲ್ಲಿ ಸೋಪು, ಬೆಂಕಿಪೊಟ್ಟಣ, ಮೀನಿನ ಗಾಳ ಮಾರುತ್ತಿದ್ದೇನೆ. ಇಲ್ಲಿಗೆ ಹೇಗೆ ಬಂದೆ ಎನ್ನುವುದು ಬೇರೆ ಕಥೆ. ಅದನ್ನು ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದ್ದೇನೆ.)

೨

ಅವಳ ಹೆಸರು ವರ್ಲೀನ್. ವಯಸ್ಸು ಐವತ್ತನಾಲ್ಕು. ರಾಜಧಾನಿ ಸಾನ್ ಹೋಸೆಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಬಳಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ. ಹುಟ್ಟಿದ್ದು ಇಲ್ಲೇ. ಐದು ವರ್ಷದವಳಿದ್ದಾಗ ತಾಯಿ ಕೊರಾಲಿ ಅವಳ ಕೈಹಿಡಿದು ಕರೆದುಕೊಂಡು ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎಂಟು ತಿಂಗಳ ಹಿಂದೆ ಕೊರಾಲಿ ತೀರಿಕೊಂಡಳು. ಈಗ ವರ್ಲೀನ್ ಎರಡು ದಿನ ರಜೆ ಹಾಕಿ, ದೊಡ್ಡ ಹುಲ್ಲುಟೋಪಿ ಹಾಕಿಕೊಂಡು, ಗೆಸ್ಟ್‌ಹೌಸಿನಲ್ಲಿ ರೂಮು ಹಿಡಿದು, ಒಂದು ತೆಂಗಿನಮರ ಹುಡುಕಲು ಬಂದಿದ್ದಾಳೆ.

ಇಲ್ಲಿ ಮಗು ಹುಟ್ಟಿದ ಒಂಬತ್ತನೇ ದಿನ ಅದರ ಹೊಕ್ಕುಳಬಳ್ಳಿಯನ್ನು ಹೂತು, ಮೇಲೆ ತೆಂಗಿನ ಸಸಿ ನೆಡುತ್ತಾರೆ. ಆ ಮರ ಆ ಮಗುವಿನದು. ಅದರ ಕಾಯಿ ಕೀಳಬೇಕಾದರೆ ಮಗುವನ್ನು ಕೇಳಬೇಕು, ಮಗುವಿಗೆ ಎಪ್ಪತ್ತು ವರ್ಷವಾಗಿದ್ದರೂ ಸರಿ. ಯಾವೂರಿನವರು ನೀವು ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ನಿನ್ನ ಮರ ಯಾವುದು ಎಂದು ಕೇಳುತ್ತಾರೆ. ಕೊರಾಲಿ ಮಗಳಿಗೆ ಹೇಳುತ್ತಿದ್ದಳು: ಹಳೇ ಚರ್ಚಿನ ಹಿಂದೆ, ಸಮುದ್ರದ ಕಡೆ ಬಾಗಿರೋ ಮರ, ಅದೇ ನಿಂದು.

ಸಾನ್ ಹೋಸೆಯಲ್ಲಿ ನಲವತ್ತೊಂಬತ್ತು ವರ್ಷ "ನೀವು ಕರಾವಳಿಯವರಾ?" ಎಂದು ಕೇಳಿಸಿಕೊಂಡವಳು ಬೆಳಿಗ್ಗೆ ಇಲ್ಲಿ ಬಸ್ಸಿಳಿದರೆ ದೋಣಿಯವನೊಬ್ಬ ಓಡಿ ಬಂದು, "ಮೇಡಂ, ಹವಳ ನೋಡ್ತೀರಾ? ಡಾಲ್ಫಿನ್ ನೋಡ್ತೀರಾ?" ಎಂದು ಸ್ಪ್ಯಾನಿಷಿನಲ್ಲಿ ಕೇಳಿದ. ಅವಳಿಗೆ ಅಳುವೇ ಬಂತು. ಅಲ್ಲೂ ಹೊರಗಿನವಳು, ಇಲ್ಲೂ ಹೊರಗಿನವಳು. ಆ ಮರವೊಂದು ಸಿಗದಿದ್ದರೆ ಭೂಮಿಯ ಮೇಲೆ ತನ್ನದು ಎನ್ನುವ ಜಾಗವೇ ಇಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಇದನ್ನು ಸುತ್ತಿಬಳಸಿ ಹೇಳುವ ಕಲೆ ನನಗೆ ಗೊತ್ತಿಲ್ಲ.

೩ (ಮೊದಲ ಡ್ರಾಫ್ಟು)

ಮರ ಸಿಕ್ಕಿತು. ವರ್ಲೀನ್ ಅದನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಗರಿಗಳು ಅಲುಗಾಡಿ ಅಮ್ಮನ ದನಿಯಲ್ಲಿ...

"ಏನ್ರೀ ಇದು? ಸಿನಿಮಾನಾ?" ಎಂದು ವರ್ಲೀನ್ ಅಲ್ಲೇ ತಡೆದಳು. "ತೆಂಗಿನಮರ ಯಾವತ್ತಾದ್ರೂ ತಬ್ಕೊಂಡಿದೀರಾ? ಮೈಯೆಲ್ಲಾ ಇರುವೆ ಹತ್ತುತ್ತೆ."

ಹರಿದು ಹಾಕಿದೆ.

೩ (ಮತ್ತೆ)

ಮರ ಇರಲಿಲ್ಲ. ಸಮುದ್ರ ವರ್ಷ ವರ್ಷ ದಂಡೆ ತಿನ್ನುತ್ತಾ ಬಂದು ಅದನ್ನೂ ನುಂಗಿತ್ತು. ಕಪ್ಪಗಾದ ಬುಡವೊಂದು ನೀರಿನಲ್ಲಿ ನಿಂತಿತ್ತು.

(ಇದು ಚೆನ್ನಾಗಿದೆ ಅಲ್ಲವೇ? ಪ್ರಶಸ್ತಿಗೆ ಕಳಿಸುವಂಥ ಎಂಡಿಂಗು.)

"ನಾಲ್ಕೂವರೆ ಗಂಟೆ ಬಸ್ಸಲ್ಲಿ ಕೂತು ಬಂದಿದೀನಿ," ಎಂದಳು ವರ್ಲೀನ್. "ಬುಡ ತೋರಿಸಿ ವಾಪಸ್ ಕಳಿಸ್ತೀರಾ? ನಿಮಗೆ ಅಕ್ಕತಂಗಿ ಯಾರೂ ಇಲ್ವಾ? ಹೋಗ್ಲಿ, ನಿಮ್ಮ ಮರ ಎಲ್ಲಿದೆ ಹೇಳಿ ನೋಡೋಣ."

"ಮಾತು ಬದಲಾಯಿಸ್ಬೇಡಿ," ಎಂದೆ ನಾನು.

(ನನ್ನ ಹೊಕ್ಕುಳಬಳ್ಳಿಯನ್ನು ಗದಗಿನ ಮನೆಯ ಬಚ್ಚಲ ಹಿಂದೆ ಎಲ್ಲೋ ಹೂತಿದ್ದಾರಂತೆ. ಅದರ ಮೇಲೆ ಯಾರೂ ಏನೂ ನೆಡಲಿಲ್ಲ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಕೆಲವು ದಿನ ಇಲ್ಲಿ ಅಂಗಡಿ ಬಾಗಿಲು ಹಾಕಿಕೊಂಡು ಸುಮ್ಮನೆ ಆ ಬಚ್ಚಲ ಒಲೆಯ ಹೊಗೆಯನ್ನು ನೆನೆಯುತ್ತಾ ಕೂತುಬಿಡುತ್ತೇನೆ. ಆದರೆ ಇದು ಅವಳ ಕಥೆ.)

೪

ಸರಿ, ಮರ ಇತ್ತು. ಚರ್ಚಿನ ಹಿಂದೆ, ಸಮುದ್ರದ ಕಡೆ ಬಾಗಿ, ಕೊರಾಲಿ ಹೇಳಿದ ಹಾಗೆಯೇ.

ದಾರಿಯುದ್ದಕ್ಕೂ ವರ್ಲೀನಳಿಗೆ ಒಂದೊಂದೇ ನೆನಪಾಗುತ್ತಾ ಬಂದಿತ್ತು. ಕಂಬಗಳ ಮೇಲೆ ನಿಂತ ಹಲಗೆಯ ಮನೆ, ಅದರ ಕೆಳಗಿನ ತಂಪಿನಲ್ಲಿ ಅಂಗಾತ ಮಲಗಿ ಮೇಲೆ ನಡೆದಾಡುವವರ ಹೆಜ್ಜೆ ಎಣಿಸುತ್ತಿದ್ದದ್ದು. ಭಾನುವಾರ ಯಾವ ಮನೆ ದಾಟಿದರೂ ತೆಂಗಿನಹಾಲಿನಲ್ಲಿ ಕಾಳು ಹಾಕಿ ಬೇಯಿಸುವ ಅನ್ನದ ವಾಸನೆ. ಈಗ ಆ ಮನೆಗಳ ಜಾಗದಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿ, ಅದರ ಪಕ್ಕ ಯೋಗ ಶಾಲೆ. (ಯೋಗ ಕಲಿಸುವುದು ನಾನಲ್ಲ, ಜರ್ಮನಿಯ ಹುಡುಗಿ.)

ಮರದ ಬುಡಕ್ಕೆ ಯಾರೋ ಸುತ್ತಲೂ ಸುಣ್ಣ ಬಳಿದಿದ್ದರು. ಕೆಳಗೊಂದು ಕಾಯಿ ಬಿದ್ದಿತ್ತು. ವರ್ಲೀನ್ ಬಗ್ಗಿ ಅದನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು.

"ಏಯ್! ಯಾರ್ರೀ ಅದು? ಕಾಯಿ ಕೆಳಗಿಡಿ!"

ಕೂಗಿದವನು ಅಲ್ಫಿಯಸ್, ಅರವತ್ತೊಂದು ವರ್ಷದ ಮೀನುಗಾರ. ಅವನ ಓರಗೆಯವರೆಲ್ಲ ಬಂದರಿನ ಕೆಲಸಕ್ಕೆ, ಹಡಗಿನ ಕೆಲಸಕ್ಕೆ ಅಂತ ಹೋದರೂ ಅವನು ಮಾತ್ರ ಊರು ಬಿಟ್ಟು ಕದಲಲಿಲ್ಲ.

"ಬಿದ್ದಿತ್ತು, ಎತ್ಕೊಂಡೆ."

"ಬಿದ್ದಿದ್ದಾದ್ರೂ ಅಷ್ಟೇ. ಯಾರನ್ನ ಕೇಳಿದ್ರಿ?"

"ನನ್ನ ಮರದ ಕಾಯಿಗೆ ನಾನು ಯಾರನ್ನ ಕೇಳ್ಬೇಕು?"

ಅದನ್ನವಳು ಈ ದಂಡೆಯ ಹಳೇ ಇಂಗ್ಲಿಷಿನಲ್ಲಿ ಹೇಳಿದ್ದಳು, ತಾಯಿ ಸತ್ತಮೇಲೆ ಯಾರ ಜೊತೆಯೂ ಆಡದ ಮಾತಿನಲ್ಲಿ. ಅಲ್ಫಿಯಸ್ ಅವಳನ್ನು ಟೋಪಿಯಿಂದ ಕಾಲಿನವರೆಗೆ ನೋಡಿದ.

"ನಿಮ್ಮ ಮರಾನಾ? ಇದರ ಬುಡದಲ್ಲಿ ನನ್ನ ಹೊಕ್ಕುಳಬಳ್ಳಿ ಇದೆ ಕಣ್ರೀ! ಎಷ್ಟು ಬಿರುಗಾಳಿ ಬಂತು, ಎಷ್ಟು ರೋಗ ಬಂತು, ನಾನಿದನ್ನ ಮಗು ಸಾಕ್ದಂಗೆ ಸಾಕಿದೀನಿ. ನೀವು ಟೋಪಿ ಹಾಕ್ಕೊಂಡು ಬಂದು ನಂದು ಅಂದ್ಬಿಟ್ರೆ ಆಯ್ತಾ?"

"ನಮ್ಮಮ್ಮ ಸುಳ್ಳು ಹೇಳ್ತಿರ್ಲಿಲ್ಲ."

"ಹಾಗಾದ್ರೆ ನಮ್ಮಮ್ಮ ಹೇಳ್ತಿದ್ಲಾ?"

ಇಬ್ಬರ ಅಮ್ಮಂದಿರೂ ಈಗಿಲ್ಲ. ಉಳಿದ ಸಾಕ್ಷಿ ಒಬ್ಬಳೇ, ಇಬ್ಬರು ಹುಟ್ಟಿದಾಗಲೂ ಹೆರಿಗೆ ಮಾಡಿಸಿದ ಸೂಲಗಿತ್ತಿ ಮಿಸ್ ಐಸಿಲ್ಡಾ. ಜಗಳ ಆಡಿಕೊಂಡೇ ಇಬ್ಬರೂ ಅವಳ ಮನೆಗೆ ಹೊರಟರು.

೫

(ಇಲ್ಲೊಂದು ತಾಪತ್ರಯ. ಮಿಸ್ ಐಸಿಲ್ಡಾ ನನ್ನ ಪಕ್ಕದ ಮನೆಯ ಅಜ್ಜಿ. ನಾನು ಕಥೆ ಬರೆಯುತ್ತಿರುವುದು ಅವಳಿಗೆ ಗೊತ್ತಾಗಿಬಿಟ್ಟಿದೆ.

"ನಂಗೆಷ್ಟು ವಯಸ್ಸು ಹಾಕಿದೀಯೋ?"

"ತೊಂಬತ್ತು, ಮಿಸ್ ಐಸಿಲ್ಡಾ."

"ಎಪ್ಪತ್ತೆಂಟು ಹಾಕು."

"ಅಲ್ಫಿಯಸ್ಸನ ಹೆರಿಗೆ ಮಾಡಿಸಿದ್ದೇ ನೀವು, ಅವನಿಗೇ ಅರವತ್ತೊಂದಾಯ್ತು."

"ಅವನದೂ ಕಮ್ಮಿ ಮಾಡು. ನಿನ್ನ ಗಂಟೇನು ಹೋಗುತ್ತೆ?")

ಎಪ್ಪತ್ತೆಂಟು ವರ್ಷದ ಮಿಸ್ ಐಸಿಲ್ಡಾ ಹಿತ್ತಲ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದಳು. ಅಡುಗೆಮನೆ ಹೊಸ್ತಿಲ ಮುಂದೆ ದೊಡ್ಡದೊಂದು ಮೆಟ್ಟಿಲುಗಲ್ಲು. ಇಬ್ಬರೂ ಒಟ್ಟಿಗೇ ಮಾತಾಡಿದ್ದನ್ನು ಪೂರ್ತಿ ಕೇಳಿಸಿಕೊಂಡು ಅಜ್ಜಿ ಅಂದಳು, "ಅಲ್ಫಿ, ಎರಡು ಎಳನೀರು ಕಿತ್ಕೊಂಡು ಬಾ. ಗಂಟಲು ಒಣಗಿದೆ. ಅಷ್ಟರಲ್ಲಿ ನೆನಪು ಮಾಡ್ಕೋತೀನಿ."

ಅವನು ಗೊಣಗಿಕೊಂಡು ಹೋದ. ಅವನ ಬೆನ್ನು ಮರೆಯಾಗುವ ತನಕ ಅಜ್ಜಿ ಕಾದಳು.

"ಕೇಳು ಮಗಳೇ. ಆ ಮರದ ಕೆಳಗೆ ನಿಂದೂ ಇಲ್ಲ, ಅವನದೂ ಇಲ್ಲ."

೬

ಮಿಸ್ ಐಸಿಲ್ಡಾ ಹೇಳಿದ್ದನ್ನು ನಾನು ತಿದ್ದದೆ ಕೊಡುತ್ತೇನೆ. (ಇದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟು. ಕನ್ನಡದಲ್ಲಿ ಬರೆಯುತ್ತೇನೆ ಎಂದಮೇಲೇ ಅವಳು ಒಪ್ಪಿದ್ದು. ನೀವು ಈ ಕಡೆ ಬಂದರೆ ದಯವಿಟ್ಟು ಬಾಯಿ ಬಿಡಬೇಡಿ.)

"ನಾನು ಕೈಯಲ್ಲಿ ಹಿಡಿದ ಮೊದಲನೇ ಕೂಸು ಹೆಣ್ಣು. ಬಳ್ಳಿ ಹೂತು ಸಸಿ ನೆಟ್ಟು ಬಂದೆ. ಮಾರನೇ ದಿನ ಹೋಗಿ ನೋಡ್ತೀನಿ, ಏಡಿ ಬಿಲ ತೋಡಿ ಬಳ್ಳೀನ ಎಳ್ಕೊಂಡು ಹೋಗಿದೆ. ಈ ದಂಡೇಲಿ ಏಡಿ ಬಿಡೋದು ಏನಿದೆ ಹೇಳು? ಮಣ್ಣು ಮುಚ್ಚಿ ಸುಮ್ಮನಾದೆ, ಯಾರಿಗೂ ಹೇಳ್ಲಿಲ್ಲ. ಆ ಕೂಸು ಮೂರೇ ತಿಂಗಳು ಉಳೀತು. ಅವರಮ್ಮ ನನ್ನ ಕೈ ಹಿಡ್ಕೊಂಡು ಅತ್ಲು, ನೀನೆಲ್ಲಾ ಸರಿಯಾಗೇ ಮಾಡಿದ್ದೆ ಐಸಿ, ನಮ್ಮ ಹಣೆಬರಹ ಅಂತ. ನಾನು ಆಗಲೂ ಹೇಳ್ಲಿಲ್ಲ ಕಣೇ."

ಬಾಳೆಕಾಯಿ ಅವಳ ಕೈಯಲ್ಲೇ ಉಳಿದಿತ್ತು.

"ಆಮೇಲೆ ಒಂದು ಮಗೂದನ್ನೂ ಏಡಿಗೆ ಬಿಡ್ಲಿಲ್ಲ. ಮನೆಯವರ ಎದುರಿಗೆ ಬರೀ ಬಟ್ಟೆ ಗಂಟು ಹೂತು ಸಸಿ ನೆಡ್ತಿದ್ದೆ. ಬಳ್ಳಿ ತಂದು ಈ ಕಲ್ಲಿನ ಕೆಳಗೆ ಇಡ್ತಿದ್ದೆ. ನೂರಕ್ಕೂ ಮೇಲಿದಾವೆ. ಅಲ್ಫೀದೂ ಇಲ್ಲೇ, ನಿಂದೂ ಇಲ್ಲೇ. ನೀನು ಹುಟ್ಟಿದಾಗ ನಿಮ್ಮಪ್ಪ ದೋಣಿಲಿ ಹೋದವನು ಬಂದಿರ್ಲಿಲ್ಲ, ಸಸಿ ತರೋರು ಯಾರೂ ಇರ್ಲಿಲ್ಲ. ಗಂಟಿನಲ್ಲೇನಿದೆ, ಬರೀ ಬಟ್ಟೆ ತಾನೆ ಅಂತ ಅಲ್ಲೇ ನಿಂತಿದ್ದ ಮರದ ಬುಡದಲ್ಲಿ ಹೂತೆ. ಅದು ಅಲ್ಫಿ ಮರ ಅನ್ನೋದು ನೆನಪೇ ಆಗ್ಲಿಲ್ಲ."

ವರ್ಲೀನ್ ಕಲ್ಲನ್ನು ನೋಡಿದಳು. ನಡುವೆ ಸವೆದು ತಗ್ಗಾಗಿತ್ತು. ಊರಿನವರೆಲ್ಲ ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗುವುದು.

"ಈಗ ಅವನಿಗೆ ಹೇಳ್ಲಾ?" ಎಂದಳು ಅಜ್ಜಿ. "ಹೇಳಿದ್ರೆ ನೀನೂ ಅವನೂ ಸರಿಸಮ. ಆದ್ರೆ ಊರಲ್ಲಿ ಒಬ್ಬರಿಗೂ ಮರ ಅನ್ನೋದೇ ಇರಲ್ಲ. ಹೇಳ್ದೇ ಇದ್ರೆ ನೀನು ಬರಿಗೈಲಿ ಹೋಗ್ತೀಯ. ನಂಗೆ ಈ ಗುಟ್ಟು ಹೊತ್ತು ಹೊತ್ತು ಸಾಕಾಗಿದೆ. ನೀನೇ ಹೇಳು, ಏನ್ಮಾಡ್ಲಿ?"

೭

ಇಲ್ಲಿ ನನ್ನ ಪೆನ್ನು ನಿಂತಿತು. ನಿಮ್ಮ ಮುಂದೆ ಕೆಲವು ಎಂಡಿಂಗು ಇಡುತ್ತೇನೆ, ಆರಿಸಿಕೊಳ್ಳಿ.

ಅ) ವರ್ಲೀನ್ ಹೇಳಿ ಅನ್ನುತ್ತಾಳೆ. ಸಂಜೆಯೊಳಗೆ ಊರೆಲ್ಲ ಸುದ್ದಿ. ಅಲ್ಫಿಯಸ್ ಕೊಡಲಿ ತಂದು ಮರವನ್ನೇ ಕಡಿದು ಹಾಕುತ್ತಾನೆ.

ಆ) ವರ್ಲೀನ್ ಹೇಳಿ ಅನ್ನುತ್ತಾಳೆ. ಊರೆಲ್ಲ ನಕ್ಕು, ಕಲ್ಲಿಗೆ ಹೂವಿಟ್ಟು, ಎಲ್ಲರೂ ಒಂದೇ ಬಳ್ಳಿಯವರು ಎಂದು ಕುಣಿಯುತ್ತಾರೆ. (ನನಗೇ ನಾಚಿಕೆಯಾಯಿತು.)

ಇ) ಅಜ್ಜಿ ಹೇಳಿದ್ದೆಲ್ಲ ಸುಳ್ಳು, ಕಲ್ಲಿನ ಕೆಳಗೆ ಏನೂ...

"ಸ್ವಲ್ಪ ಬಾಯ್ಮುಚ್ಚಿಕೊಂಡು ಇರ್ತೀರಾ?" ಎಂದಳು ವರ್ಲೀನ್. ಅವಳು ಬೇಲಿಯ ಕಡೆ ನೋಡುತ್ತಿದ್ದಳು.

ಅಲ್ಫಿಯಸ್ ಬರುತ್ತಿದ್ದ. ಅಜ್ಜಿ ಕೇಳಿದ್ದು ಎರಡು, ಅವನು ತಂದದ್ದು ಮೂರು. ಒಂದೊಂದನ್ನೂ ಅಂಗಿಯ ತುದಿಯಿಂದ ಒರೆಸುತ್ತಾ, ಅಲುಗಾಡಿಸಿ ನೀರು ಎಷ್ಟಿದೆ ಎಂದು ಕಿವಿಗಿಟ್ಟು ನೋಡುತ್ತಾ ಬರುತ್ತಿದ್ದ. ಮುಖದಲ್ಲಿ ದಿಗಿಲು ಎದ್ದು ಕಾಣುತ್ತಿತ್ತು.

"ಹೇಳ್ಬೇಡಿ," ಎಂದಳು ಅಜ್ಜಿಗೆ, ಮೆಲ್ಲಗೆ.

"ಏನಂದ್ರು?" ಎಂದ ಅಲ್ಫಿಯಸ್.

"ನಿಮ್ಮದೇ ಅಂತೆ. ನಂದೇ ತಪ್ಪಾಯ್ತು."

"ನಾನು ಮೊದಲೇ ಹೇಳ್ಲಿಲ್ವಾ!" ಅವನ ಮುಖ ಅರಳಿಹೋಯಿತು. ಕತ್ತಿಯಿಂದ ಒಂದೇ ಏಟಿಗೆ ಎಳನೀರು ಕೆತ್ತಿ ಅವಳ ಕೈಗಿಟ್ಟ. "ತಗೊಳ್ಳಿ ಟೂರಿಸ್ಟಮ್ಮಾ, ಬೇಜಾರು ಮಾಡ್ಕೋಬೇಡಿ. ನಮ್ಮೂರ ನೆನಪಿಗೆ ಇರ್ಲಿ."

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ವರ್ಲೀನ್ ಒಂದು ಗುಟುಕು ಕುಡಿದಳು. ಅವಳು ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡು, ಹೊರಡಲು ಬ್ಯಾಗು ಹೆಗಲಿಗೇರಿಸಿದಳು.

"ಯಾರನ್ನೋ ಟೂರಿಸ್ಟ್ ಅಂತಿರೋದು?" ಮಿಸ್ ಐಸಿಲ್ಡಾ ಬಾಳೆಕಾಯಿ ತಟ್ಟೆಯನ್ನು ಕುಕ್ಕಿದಳು. "ಕೊರಾಲಿ ಮಗಳು ಕಣೋ ಅವಳು. ಬೇರೆ ಮರ ಇದೆ ಅವಳಿಗೆ, ನಿನಗ್ಯಾಕೆ ಬೇಕು ಯಾವುದು ಅಂತ?" ಆಮೇಲೆ ವರ್ಲೀನಳ ಕಡೆ ತಿರುಗಿದಳು. "ನೀನೂ ಅಷ್ಟೇ. ಮಹಾರಾಣಿ ಹಾಗೆ ನಿಂತಿದೀಯಲ್ಲ, ಬ್ಯಾಗು ಇಡು ಆ ಕಡೆ. ಬೆಳಿಗ್ಗೆಯಿಂದ ಅನ್ನದ ಪಾತ್ರೆ ಹಾಗೇ ಬಿದ್ದಿದೆ, ತಳ ಹತ್ತಿ ಒಣಗಿದೆ. ಹೋಗು, ತಿಕ್ಕಿಡು. ತೊಂಬತ್ತು ವರ್ಷದ ಮುದುಕಿ ಕೈಲಿ ಮಾಡಿಸ್ತೀಯಾ?"

(ನೋಡಿ, ವಯಸ್ಸು ಅವಳ ಬಾಯಿಂದಲೇ ಬಂತು.)

ವರ್ಲೀನ್ ಬ್ಯಾಗು ಇಟ್ಟಳು. ಟೋಪಿ ತೆಗೆದಳು. ಒಂದು ಗುಟುಕು ಕುಡಿದ ಎಳನೀರನ್ನು ಅಲ್ಫಿಯಸ್ಸನ ಕೈಗೇ ವಾಪಸ್ ಕೊಟ್ಟಳು. ಕಲ್ಲಿನ ಮುಂದೆ ಒಂದು ಗಳಿಗೆ ಕಾಲು ತಡೆಯಿತು. ಆಮೇಲೆ ಎಲ್ಲರ ಹಾಗೆ ಅದನ್ನು ತುಳಿದುಕೊಂಡೇ ಒಳಗೆ ಹೋದಳು.

"ತಿಕ್ಕೋ ನಾರು ಎಲ್ಲಿದೆ, ಮಿಸ್ ಐಸಿಲ್ಡಾ?"

"ಇನ್ನೆಲ್ಲಿರುತ್ತೆ? ಯಾವಾಗ್ಲೂ ಇರೋ ಕಡೇನೇ ಇದೆ, ನೋಡ್ಕೋ!"

ನಾನು ಇಣುಕಲು ಹೋದೆ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಸಂಜೆ ಬಸ್ಸಿಗೆ ಹೋಗುತ್ತಾಳೋ ಇರುತ್ತಾಳೋ, ಇಷ್ಟಾದರೂ ನಿಮಗೆ ಹೇಳಬೇಡವೇ? ಅಜ್ಜಿ ಬಾಗಿಲಿಗೆ ಅಡ್ಡ ಕೋಲಿಟ್ಟಳು. "ನೀನೆಲ್ಲಿಗೋ? ಅಡುಗೆಮನೇಲಿ ನಿನಗೇನು ಕೆಲಸ? ಹೋಗು, ಅಂಗಡಿ ನೋಡ್ಕೋ."

ಹಾಗಾಗಿ ನನಗೆ ಗೊತ್ತಿರುವುದು ಇಷ್ಟೇ. ಒಳಗೆ ಡಬ್ಬಗಳನ್ನು ಒಂದೊಂದಾಗಿ ಸರಿಸುವ ಸದ್ದು ಕೇಳುತ್ತಿದೆ. ಅವಳು ಇನ್ನೂ ಹುಡುಕುತ್ತಿದ್ದಾಳೆ.